ಮೆಲಟೋನಿನ್: ಎಷ್ಟು ಮಿಲಿಗ್ರಾಂ ಅನ್ನುವ ಮೊದಲು ಎಷ್ಟು ಗಂಟೆಗೆ ಅಂತ ಕೇಳಿ

ನಿದ್ದೆಗೆಂದು ಮೆಡಿಕಲ್ ಶಾಪಿನಲ್ಲಿ ಮೆಲಟೋನಿನ್ ಮಾತ್ರೆ ಕೇಳಿದರೆ ಎದುರಾಗುವ ಪ್ರಶ್ನೆ ಒಂದೇ: "ಮೂರಾ, ಐದಾ, ಹತ್ತಾ?" ಯಾವ ಹೊತ್ತಿಗೆ ತಗೊಳ್ತೀರಿ ಅಂತ ಯಾರೂ ಕೇಳುವುದಿಲ್ಲ. ಕೊಳ್ಳುವವರೂ ಇರಲಿ ಅಂತ ಹತ್ತರದ್ದೇ ತರುತ್ತಾರೆ. ಮಲಗುವಾಗ ನುಂಗುತ್ತಾರೆ, ಅರ್ಧ ಗಂಟೆ ಮೊಬೈಲ್ ನೋಡುತ್ತಾರೆ, ನಿದ್ದೆ ಬರಲಿಲ್ಲ ಅಂತ ಎರಡು ಗಂಟೆ ರಾತ್ರಿಗೆ ಎದ್ದು ಇನ್ನೊಂದು ನುಂಗುತ್ತಾರೆ. ಮರುದಿನ ತಲೆ ಭಾರ. ಮಾತ್ರೆ ಸರಿಯಿಲ್ಲ ಅನ್ನುವ ತೀರ್ಪು. ಇದರಲ್ಲಿ ಮಾತ್ರೆಯ ತಪ್ಪು ಬಹಳ ಕಡಿಮೆ.

ಮೆಲಟೋನಿನ್ ನಿದ್ದೆ ಮಾತ್ರೆಯೇ ಅಲ್ಲ. ಅಲ್‌ಪ್ರಜೋಲಾಮ್, ಜೋಲ್ಪಿಡೆಮ್‌ನಂಥವು ಮಿದುಳಿನ ಚಟುವಟಿಕೆಯನ್ನೇ ತಗ್ಗಿಸಿ ಮಲಗಿಸುತ್ತವೆ. ಮೆಲಟೋನಿನ್ ಹಾಗೆ ಯಾರನ್ನೂ ಹಿಡಿದು ಮಲಗಿಸುವುದಿಲ್ಲ. ಕತ್ತಲಾಯಿತು ಅಂತ ಊರಿಗೆಲ್ಲ ಡಂಗುರ ಸಾರುವ ತಳವಾರನ ಕೆಲಸ ಅದರದ್ದು. ಕೇಳಿಸಿಕೊಂಡು ಬಾಗಿಲು ಹಾಕಿಕೊಳ್ಳಬೇಕಾದವರು ಊರಿನವರು. ಮಿದುಳಿನ ನಡುಭಾಗದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಿರುವ ಪೀನಿಯಲ್ ಗ್ರಂಥಿ, ನಾವು ಮಲಗುವ ರೂಢಿಯ ಹೊತ್ತಿಗೆ ಹೆಚ್ಚುಕಡಿಮೆ 2 ಗಂಟೆ ಮೊದಲೇ ಇದನ್ನು ರಕ್ತಕ್ಕೆ ಬಿಡತೊಡಗುತ್ತದೆ. ನಡುರಾತ್ರಿ ದಾಟಿದ ಮೇಲೆ ಅದು ತುದಿ ಮುಟ್ಟಿ, ಬೆಳಗಿನ ಹೊತ್ತಿಗೆ ಇಳಿದುಹೋಗುತ್ತದೆ. ಅಂದ ಹಾಗೆ, ಇದನ್ನು 1958ರಲ್ಲಿ ಬೇರ್ಪಡಿಸಿದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಚರ್ಮದ ವೈದ್ಯರು. ಅವರು ಹುಡುಕುತ್ತಿದ್ದದ್ದು ನಿದ್ದೆಯನ್ನಲ್ಲ, ಚರ್ಮದ ಬಣ್ಣಕ್ಕೆ ಸಂಬಂಧಿಸಿದ್ದನ್ನು. ದನದ ಪೀನಿಯಲ್ ಗ್ರಂಥಿಯಿಂದ ತೆಗೆದ ಈ ವಸ್ತು ಕಪ್ಪೆಯ ಚರ್ಮವನ್ನು ತಿಳಿಯಾಗಿಸುತ್ತಿತ್ತು. ಹೆಸರಿನಲ್ಲಿರುವ "ಮೆಲ", ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನ "ಮೆಲ", ಅಲ್ಲಿಂದ ಬಂದದ್ದು.

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. 2013ರಲ್ಲಿ 19 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಮೆಲಟೋನಿನ್ ತೆಗೆದುಕೊಂಡವರಿಗೆ ನಿದ್ದೆ ಹತ್ತಿದ್ದು ಸರಾಸರಿ 7 ನಿಮಿಷ ಬೇಗ, ಒಟ್ಟು ನಿದ್ದೆ ಹೆಚ್ಚಿದ್ದು 8 ನಿಮಿಷ. ಇಷ್ಟೇನಾ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ ಕೂಡ 2017ರ ಮಾರ್ಗಸೂಚಿಯಲ್ಲಿ ಮಾಮೂಲಿ ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ವಾಸಿ ಎಂದಿತು. ಹಾಗಾದರೆ ಯಾರಿಗೆ ಉಪಯೋಗ? ನಿದ್ದೆ ಕೆಟ್ಟವರಿಗಲ್ಲ, ನಿದ್ದೆಯ ಹೊತ್ತು ಕೆಟ್ಟವರಿಗೆ: ರಾತ್ರಿ ಎರಡಕ್ಕೆ ಮೊದಲು ಕಣ್ಣು ಮುಚ್ಚದ, ಆದರೆ ಬಿಟ್ಟರೆ ಬೆಳಗ್ಗೆ ಹತ್ತರವರೆಗೆ ಸೊಗಸಾಗಿ ಮಲಗುವವರಿಗೆ, ಖಂಡ ದಾಟಿ ವಿಮಾನದಲ್ಲಿ ಹಾರುವವರಿಗೆ, ಬೆಳಕೇ ಕಾಣದ ಅಂಧರಲ್ಲಿ ದೇಹದ ಗಡಿಯಾರ ದಿನದಿನಕ್ಕೂ ಜಾರುವವರಿಗೆ.

ಎಷ್ಟು?

ಚಿಲ್ಲರೆ ಲೆಕ್ಕ ಇದು. ರಾತ್ರಿಯ ಸಹಜ ಮಟ್ಟವನ್ನು ರಕ್ತದಲ್ಲಿ ಮೂಡಿಸಲು 0.3 ಮಿಲಿಗ್ರಾಂ ಮಾತ್ರೆ ಸಾಕು. ಅಂಗಡಿಯ 3 ಮಿಲಿಗ್ರಾಂ ಅಂದರೆ ಅದರ ಹತ್ತು ಪಟ್ಟು. 10 ಅಂದರೆ ಮೂವತ್ತು ಪಟ್ಟಿಗೂ ಮೀರಿದ್ದು. ಸಾಮಾನ್ಯ ಮಾತ್ರೆ ರಕ್ತದಲ್ಲಿ ಸುಮಾರು 45 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 10 ಇದ್ದದ್ದು 5, ಆಮೇಲೆ 2.5, 1.25, 0.6, 0.3. ಐದು ಸಲ ಅರ್ಧವಾಗಲು ಸುಮಾರು 4 ಗಂಟೆ. ಅಂದರೆ ರಾತ್ರಿ 11ಕ್ಕೆ ಹತ್ತರ ಮಾತ್ರೆ ನುಂಗಿದವರ ಮೈಯಲ್ಲಿ ಬೆಳಗಿನ ಜಾವ 3ಕ್ಕೂ ಹೊಸದಾಗಿ 0.3ರ ಮಾತ್ರೆ ನುಂಗಿದಷ್ಟು ಮದ್ದು ಉಳಿದಿರುತ್ತದೆ. ವಯಸ್ಸಾದವರಲ್ಲಿ, ಪಿತ್ತಜನಕಾಂಗ ಸೊರಗಿದವರಲ್ಲಿ ಇಳಿಯುವುದು ಇನ್ನೂ ನಿಧಾನ. ಬೆಳಗ್ಗೆಯ ಮಂಪರು, ತಲೆನೋವು, ಕೈಕಾಲು ತಣ್ಣಗಾದಂತೆ ಅನ್ನಿಸುವುದು, ಕಣ್ಣಿಗೆ ಕಟ್ಟಿದಂಥ ಕನಸುಗಳು, ಓಕರಿಕೆ ಬಹಳ ಸಲ ಈ ಮಿಗತೆಯ ಫಲ. ಡೋಸ್ ಏರಿಸಿದರೆ ತಳವಾರ ಹೆಚ್ಚು ಜೋರಾಗಿ ಕೂಗುವುದಿಲ್ಲ. ಬೆಳಗಾದರೂ ಕೂಗು ನಿಲ್ಲಿಸುವುದಿಲ್ಲ ಅಷ್ಟೇ.

ಆದ್ದರಿಂದ ಶುರು ಮಾಡುವುದಾದರೆ 0.5ರಿಂದ 1 ಮಿಲಿಗ್ರಾಂ. ನಮ್ಮಲ್ಲಿ ಸುಲಭವಾಗಿ ಸಿಗುವುದು 3ರ ಮಾತ್ರೆ. ಮಾತ್ರೆ ಕತ್ತರಿಸುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತನ್ನಿ. ಅಡುಗೆ ಚಾಕುವಿನಲ್ಲಿ ಮಾಡಿದರೆ ಅರ್ಧ ಪುಡಿಯಾಗುತ್ತದೆ. ಅರ್ಧ ಮಾಡಿದರೆ 1.5, ಕಾಲು ಮಾಡಿದರೆ 0.75. ಕಾಲು ಭಾಗದಿಂದ ಒಂದು ವಾರ ನೋಡಿ, ಸಾಲದಿದ್ದರೆ ಅರ್ಧ. 3 ದಾಟಬೇಕು ಅನ್ನಿಸಿದರೆ ಅಲ್ಲಿ ನಿಲ್ಲಿ. ನಿಮ್ಮ ತೊಂದರೆಗೆ ಬಹುಶಃ ಇದು ಮದ್ದಲ್ಲ. ಕನಸಿನಲ್ಲಿ ಕೈಕಾಲು ಬೀಸಿ ಪಕ್ಕದವರಿಗೆ ಹೊಡೆಯುವಂಥ ಕಾಯಿಲೆಗೆ ನರರೋಗ ತಜ್ಞರು 3ರಿಂದ 12ರವರೆಗೂ ಬರೆಯುವುದುಂಟು. ಆ ಲೆಕ್ಕವೇ ಬೇರೆ, ಅದನ್ನು ನೋಡಿ ನೀವು ಏರಿಸಬೇಡಿ.

ಸ್ಟ್ರಿಪ್ ಮೇಲೆ ಎಸ್‌ಆರ್, ಪಿಆರ್, ಇಆರ್ ಅಂತ ಎರಡಕ್ಷರ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅದನ್ನು ಕತ್ತರಿಸಬಾರದು, ಅಗಿಯಬಾರದು, ಕುಟ್ಟಿ ನೀರಿಗೆ ಹಾಕಬಾರದು. ಕತ್ತರಿಸಿದ ಕೂಡಲೇ ನಿಧಾನಕ್ಕೆ ಬಿಡುವ ವ್ಯವಸ್ಥೆ ಮುರಿದು, ಇಡೀ ರಾತ್ರಿಗೆ ಹಂಚಬೇಕಾದ್ದು ಒಂದೇ ಸಲಕ್ಕೆ ಸುರಿಯುತ್ತದೆ. ಯುರೋಪಿನಲ್ಲಿ 2007ರಲ್ಲಿ ಅನುಮತಿ ಪಡೆದದ್ದು ಇಂಥ 2 ಮಿಲಿಗ್ರಾಂ ಮಾತ್ರೆ, ಅದೂ 55 ದಾಟಿದವರಿಗೆ, ಹೆಚ್ಚೆಂದರೆ 13 ವಾರ. ಬ್ರಿಟನ್ನಿನಲ್ಲಿ ಮೆಲಟೋನಿನ್‌ಗೆ ವೈದ್ಯರ ಚೀಟಿ ಬೇಕೇ ಬೇಕು. ಅಲ್ಲಿ ಚೀಟಿ ಕೇಳುವ ಮದ್ದು ಅಮೆರಿಕದ ದಿನಸಿ ಅಂಗಡಿಯಲ್ಲಿ ವಿಟಮಿನ್ ಪಕ್ಕ ಕೂತಿರುತ್ತದೆ. ಸುಲಭವಾಗಿ ಸಿಗುತ್ತದೆ ಅನ್ನುವುದನ್ನು ನಿರಪಾಯ ಅಂತ ಓದಿಕೊಳ್ಳಬೇಡಿ.

ಯಾವಾಗ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಮೆಲಟೋನಿನ್‌ನಿಂದ ಎರಡು ಬೇರೆ ಕೆಲಸ ಮಾಡಿಸಿಕೊಳ್ಳಬಹುದು, ಎರಡಕ್ಕೂ ಹೊತ್ತು ಬೇರೆ. ಒಂದು, ಅವತ್ತಿನ ರಾತ್ರಿ ತುಸು ಬೇಗ ಕಣ್ಣು ಹತ್ತಲಿ ಅನ್ನುವುದು. ಅದಕ್ಕೆ ಮಲಗುವ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ದಿಂಬಿಗೆ ತಲೆ ಕೊಟ್ಟ ಮೇಲೆ ನುಂಗಿದರೆ ಅದು ರಕ್ತಕ್ಕೆ ಸೇರುವಷ್ಟರಲ್ಲಿ ನೀವು ಮುಕ್ಕಾಲು ಗಂಟೆ ಹೊರಳಾಡಿ ಆಗಿರುತ್ತದೆ.

ಎರಡನೆಯದು, ದೇಹದ ಗಡಿಯಾರವನ್ನೇ ಬೇಗದ ಕಡೆಗೆ ಜರುಗಿಸುವುದು. ಇದಕ್ಕೆ ಇನ್ನೂ ಮೊದಲೇ ಬೇಕು. 0.5 ಮಿಲಿಗ್ರಾಂ ಅತಿ ಹೆಚ್ಚು ಜರುಗಿಸುವುದು ದೇಹದ ಸ್ವಂತ ಮೆಲಟೋನಿನ್ ಶುರುವಾಗುವುದಕ್ಕೆ 2ರಿಂದ 4 ಗಂಟೆ ಮೊದಲು ಕೊಟ್ಟಾಗ. ಉದಾಹರಣೆಗೆ, ಈಗ ನಿಮಗೆ ತಾನಾಗಿ ನಿದ್ದೆ ಬರುವುದು ರಾತ್ರಿ 2ಕ್ಕೆ ಅಂತ ಇಟ್ಟುಕೊಳ್ಳಿ. ನಿಮ್ಮ ಸ್ವಂತ ಮೆಲಟೋನಿನ್ ಶುರುವಾಗುವುದು ಸುಮಾರು 12ಕ್ಕೆ. ಹಾಗಾದರೆ 0.5 ತೆಗೆದುಕೊಳ್ಳಬೇಕಾದ್ದು 8ರಿಂದ 10ರೊಳಗೆ, 9 ಅನ್ನೋಣ. ನಿದ್ದೆ ಸ್ವಲ್ಪ ಹಿಂದೆ ಸರಿದು 1:30ಕ್ಕೆ ಬರತೊಡಗಿದ ಮೇಲೆ ಮಾತ್ರೆಯನ್ನೂ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಹೀಗೆ ನಾಲ್ಕೈದು ದಿನಕ್ಕೊಂದು ಹೆಜ್ಜೆ. ಒಂದೇ ವಾರದಲ್ಲಿ ಎರಡರಿಂದ ಹನ್ನೊಂದಕ್ಕೆ ತರುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ಇಷ್ಟು ಲೆಕ್ಕ ಬೇಡ ಅನ್ನುವವರಿಗೆ ಸರಳ ದಾರಿಯೂ ಇದೆ. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಲಗಬೇಕೆಂದ ಹೊತ್ತಿಗೆ ಒಂದು ಗಂಟೆ ಮೊದಲು 0.5 ಮಿಲಿಗ್ರಾಂ, ವಾರಕ್ಕೆ ಕನಿಷ್ಠ 5 ರಾತ್ರಿ, ನಾಲ್ಕು ವಾರ ತೆಗೆದುಕೊಂಡವರಿಗೆ ನಿದ್ದೆ ಬಂದದ್ದು ಮದ್ದಿಲ್ಲದ ಖಾಲಿ ಮಾತ್ರೆ ನುಂಗಿದವರಿಗಿಂತ 34 ನಿಮಿಷ ಬೇಗ. ಅವರಿಗೂ ಒಂದು ಷರತ್ತಿತ್ತು. ನಿಗದಿತ ಹೊತ್ತಿಗೆ ದೀಪ ಆರಿಸಿ ಮಲಗಲೇಬೇಕಿತ್ತು.

ಬೆಳಗಿನ ಜಾವ ಎಚ್ಚರವಾಯಿತು ಅಂತ ಆಗ ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಏಳುವ ಹೊತ್ತಿನ ಆಸುಪಾಸು ತೆಗೆದುಕೊಂಡ ಮೆಲಟೋನಿನ್ ಗಡಿಯಾರವನ್ನು ತಡದ ಕಡೆಗೆ ಎಳೆಯುತ್ತದೆ. ಇವತ್ತಿನ ಉಪಾಯ ನಾಳೆ ರಾತ್ರಿಯ ತೊಂದರೆ. ಅದೂ ಸಾಲದು ಅಂತ ಎಂಟಕ್ಕೆ ಸ್ಕೂಟರ್ ಹತ್ತುವಾಗ ಮಂಪರು ಬೇರೆ. ಮಾತ್ರೆ ನುಂಗಿದ ಮೇಲೆ ಐದು ಗಂಟೆ ಗಾಡಿ ಓಡಿಸಬಾರದು. ರಾತ್ರಿ 9ಕ್ಕೆ ತೆಗೆದುಕೊಳ್ಳುವವರು ಊಟ ತರಲು ಹತ್ತಕ್ಕೆ ಬೈಕ್ ತೆಗೆಯುವ ಯೋಚನೆ ಬಿಡಿ.

ಮಾತ್ರೆ ನುಂಗಿ ನಡುಮನೆಯಲ್ಲಿ ಎರಡೆರಡು ಟ್ಯೂಬ್‌ಲೈಟ್ ಉರಿಸಿಕೊಂಡು ಕೂತರೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಕಣ್ಣಿನೊಳಗೆ ನೋಟಕ್ಕಲ್ಲದೆ ಬೆಳಕನ್ನು ಅಳೆಯಲೆಂದೇ ಇರುವ ಕೋಶಗಳಿವೆ. ನೀಲಿ ಬೆಳಕಿಗೆ ಅವು ಬಲು ಚುರುಕು. ಅವು ಇನ್ನೂ ಹಗಲಿದೆ ಅಂತ ಮಿದುಳಿಗೆ ವರದಿ ಕಳಿಸಿದರೆ ಸ್ವಂತ ಮೆಲಟೋನಿನ್ ತಗ್ಗಿಹೋಗುತ್ತದೆ. ಮಾಮೂಲಿ ಮನೆಯ ದೀಪವೂ ಇದಕ್ಕೆ ಸಾಕು. ಮಾತ್ರೆಯ ಹೊತ್ತಿನಿಂದ ಹಳದಿ ಬಲ್ಬಿನ ಒಂದೇ ದೀಪ, ಅದೂ ತಲೆಯ ಮೇಲಲ್ಲ, ಮೂಲೆಯಲ್ಲಿ. ಬೆಳಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಬಾಲ್ಕನಿಯಲ್ಲೋ ತಾರಸಿಯಲ್ಲೋ ಬಿಸಿಲಿಗೆ ನಿಲ್ಲಿ, ಕಾಫಿ ಅಲ್ಲೇ ಕುಡಿಯಿರಿ. ಗಡಿಯಾರ ಸರಿಪಡಿಸುವುದರಲ್ಲಿ ಈ ಅರ್ಧ ಗಂಟೆಯ ಪಾಲು ಮಾತ್ರೆಯದಕ್ಕಿಂತ ಕಡಿಮೆಯೇನಲ್ಲ. ಸಂಜೆ ಆರರ ಫಿಲ್ಟರ್ ಕಾಫಿಯನ್ನು ಮಾತ್ರ ಬಿಡಬೇಕಾಗುತ್ತದೆ. ನಿದ್ದೆ ಓಡಿಸುವುದು ಒಂದು, ಪಿತ್ತಜನಕಾಂಗದಲ್ಲಿ ಮೆಲಟೋನಿನ್ ಕರಗಿಸುವ ಕಿಣ್ವವೇ ಕೆಫೀನನ್ನೂ ಕರಗಿಸುವುದರಿಂದ ಎರಡೂ ಒಂದೇ ಬಾಗಿಲಲ್ಲಿ ತಳ್ಳಾಡುತ್ತವೆ.

ಊಟ, ಶುಗರ್

ನಮ್ಮ ಮನೆಗಳಲ್ಲಿ ಇದು ನಿಜವಾದ ತೊಡಕು. ರಾತ್ರಿ ಒಂಬತ್ತೂವರೆಗೆ ಮುದ್ದೆಯೋ ಅನ್ನವೋ ಉಂಡು, ಕೈ ತೊಳೆದುಕೊಂಡೇ ಮಾತ್ರೆ ನುಂಗಿ, ಹತ್ತಕ್ಕೆ ಮಲಗುವುದು. ಹೊಟ್ಟೆ ತುಂಬಿದ್ದಾಗ ಮಾತ್ರೆ ರಕ್ತಕ್ಕೆ ಸೇರುವುದು ತಡ, ಅದು ಚಿಕ್ಕ ಸಂಗತಿ. ದೊಡ್ಡದು ಇನ್ನೊಂದಿದೆ. ಇನ್ಸುಲಿನ್ ಸ್ರವಿಸುವ ಮೇದೋಜೀರಕದ ಕೋಶಗಳ ಮೇಲೂ ಮೆಲಟೋನಿನ್ನಿನ ಸಂದೇಶ ಹಿಡಿಯುವ ಗ್ರಾಹಕಗಳಿವೆ. ಮೆಲಟೋನಿನ್ ಏರಿದ್ದಾಗ ಅವು ಇನ್ಸುಲಿನ್ ಬಿಡುವುದರಲ್ಲಿ ಜುಗ್ಗುತನ ತೋರುತ್ತವೆ. ರಾತ್ರಿ ಉಪವಾಸ ಇರುವ ದೇಹಕ್ಕೆ ಅದು ಸರಿಯೇ. ಆದರೆ ಅದೇ ಹೊತ್ತಿಗೆ ಅನ್ನ ಹೊಟ್ಟೆಯಲ್ಲಿದ್ದರೆ ಸಕ್ಕರೆ ಏರಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಊಟಕ್ಕೂ ಮಾತ್ರೆಗೂ ನಡುವೆ ಕನಿಷ್ಠ 2 ಗಂಟೆ ಇರಲಿ. 11ಕ್ಕೆ ಮಲಗಿ 10ಕ್ಕೆ ಮಾತ್ರೆ ಅಂದರೆ ಊಟ 8ಕ್ಕೆ ಮುಗಿದಿರಬೇಕು. ಆಗುವುದಿಲ್ಲ ಅಂದರೆ ಊಟದ ಹೊತ್ತು ಮೊದಲು ಸರಿಪಡಿಸಿ, ಮಾತ್ರೆ ಆಮೇಲೆ ನೋಡೋಣ. ಡಯಾಬಿಟಿಸ್ ಇರುವವರು ಶುರು ಮಾಡಿದ ಮೊದಲ ಎರಡು ವಾರ ಬೆಳಗಿನ ಖಾಲಿ ಹೊಟ್ಟೆಯ ಶುಗರನ್ನು ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. ಏರುತ್ತಿದ್ದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಬೇರೆ ಮಾತ್ರೆಗಳ ಜೊತೆ

ಓಸಿಡಿಗೆ, ಅಂದರೆ ಗೀಳು ಕಾಯಿಲೆಗೆ, ಕೊಡುವ ಫ್ಲುವೋಕ್ಸಮಿನ್ ಜೊತೆ ಮೆಲಟೋನಿನ್ ಬೇಡ. ಕರಗಿಸುವ ಕಿಣ್ವವನ್ನೇ ಅದು ಕಟ್ಟಿಹಾಕುವುದರಿಂದ ರಕ್ತದ ಮಟ್ಟ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಸಿಪ್ರೊಫ್ಲಾಕ್ಸಸಿನ್ ಆಂಟಿಬಯೋಟಿಕ್‌ನ ಕೋರ್ಸ್ ನಡೆಯುವಾಗಲೂ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಮಟ್ಟ ಏರುತ್ತದೆ, ಇಷ್ಟಲ್ಲದಿದ್ದರೂ. ಸಿಗರೇಟು ಸೇದುವವರಲ್ಲಿ ಉಲ್ಟಾ: ಕಿಣ್ವ ಚುರುಕಾಗಿ ಮದ್ದು ಬೇಗ ಕರಗಿಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮೇಲಿರುವವರು ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬಾರದು, ಕೇಳಿ ಶುರು ಮಾಡಿದರೂ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಬೇಗನೆ ಒಮ್ಮೆ ನೋಡಿಸಬೇಕು. ಬಿಪಿಗೆ ನಿಫೆಡಿಪಿನ್ ತೆಗೆದುಕೊಳ್ಳುತ್ತಿದ್ದವರಿಗೆ 5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟು ನೋಡಿದಾಗ, ಹಿಡಿತದಲ್ಲಿದ್ದ ಮೇಲಿನ ಬಿಪಿ ಸರಾಸರಿ 6.5 ಅಂಕಿ ಏರಿತ್ತು. ಅಟೆನೊಲೋಲ್, ಪ್ರೊಪ್ರನೊಲೋಲ್‌ನಂಥ ಬೀಟಾ ಬ್ಲಾಕರ್‌ಗಳದ್ದು ಬೇರೆ ಕಥೆ. ಅವು ದೇಹದ ಸ್ವಂತ ಮೆಲಟೋನಿನ್ನನ್ನೇ ತಗ್ಗಿಸುತ್ತವೆ. ಅದನ್ನು ಶುರು ಮಾಡಿದ ಮೇಲೆ ನಿದ್ದೆ ಹೋಯಿತು ಅನ್ನುವವರು ಆ ಮಾತನ್ನು ಡಾಕ್ಟರಿಗೆ ಹೇಳಲೇಬೇಕು.

ನಿದ್ದೆ ಮಾತ್ರೆ, ಅಲರ್ಜಿಯ ಮಂಪರು ಮಾತ್ರೆ, ಮದ್ಯ, ಇವುಗಳ ಮೇಲೆ ಮೆಲಟೋನಿನ್ ಹಾಕಿದರೆ ಮಂಪರು ಕೂಡಿಕೊಂಡು, ಬಾತ್‌ರೂಮಿಗೆ ಎದ್ದ ಅಜ್ಜ ಅಜ್ಜಿಯರು ಬೀಳುತ್ತಾರೆ. ಮೂತ್ರಪಿಂಡವೋ ಬೇರೆ ಅಂಗವೋ ಕಸಿಯಾಗಿದ್ದು ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಿನಲ್ಲಿರುವವರು, ಆ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಯವರು, ಫಿಟ್ಸ್ ಇರುವವರು ತಮ್ಮ ತಜ್ಞರ ಒಪ್ಪಿಗೆಯಿಲ್ಲದೆ ಬೇಡ. ಬಸುರಿಯರು, ಬಾಣಂತಿಯರು ದೂರ ಇರುವುದೇ ಸರಿ.

ಡಬ್ಬಿಯ ಮೇಲಿರುವುದು, ಒಳಗಿರುವುದು

2017ರಲ್ಲಿ ಕೆನಡಾದ ಸಂಶೋಧಕರು ಅಂಗಡಿಯಿಂದ 31 ಮೆಲಟೋನಿನ್ ಉತ್ಪನ್ನಗಳನ್ನು ತಂದು ಅಳೆದರು. ಒಂದರಲ್ಲಿ ಬರೆದದ್ದಕ್ಕಿಂತ ಶೇ 83 ಕಡಿಮೆ, ಇನ್ನೊಂದರಲ್ಲಿ ಶೇ 478 ಹೆಚ್ಚು. 8ರಲ್ಲಿ ಮಿದುಳಿನ ಮೇಲೆ ಕೆಲಸ ಮಾಡುವ ಇನ್ನೊಂದು ರಾಸಾಯನಿಕ ಸೆರೊಟೋನಿನ್ ಬೇರೆ ಸಿಕ್ಕಿತು. ಖಿನ್ನತೆಯ ಮಾತ್ರೆ ನುಂಗುವವರಿಗೆ ಅದು ಹುಡುಗಾಟದ ವಸ್ತುವಲ್ಲ. 2023ರಲ್ಲಿ ಅಮೆರಿಕದ 25 ಗಮ್ಮಿಗಳನ್ನು, ಅಂದರೆ ಅಗಿದು ತಿನ್ನುವ ಮಿಠಾಯಿಯಂಥ ಮೆಲಟೋನಿನ್ನನ್ನು, ಅಳೆದಾಗ 22ರಲ್ಲಿ ಲೇಬಲ್ಲಿನ ಲೆಕ್ಕ ತಪ್ಪಿತ್ತು. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟ್ ಜೊತೆ ಬರುವುದು ಇಂಥದ್ದೇ ಗಮ್ಮಿ ಡಬ್ಬಿ ಅನ್ನುವುದು ನೆನಪಿರಲಿ. ಅಲ್ಲೇ ಇರುವವರು ಕೊಳ್ಳುವಾಗ ಮದ್ದಿನ ಗುಣಮಟ್ಟ ನೋಡುವ ಯುಎಸ್‌ಪಿ ಸಂಸ್ಥೆಯ ಪರೀಕ್ಷೆಯ ಮುದ್ರೆ ಇದೆಯೇ ನೋಡಿ. ಇಲ್ಲಿ ಕೊಳ್ಳುವವರು ಬ್ಲಿಸ್ಟರ್ ಸ್ಟ್ರಿಪ್‌ನಲ್ಲಿರುವ ಬರೀ ಮೆಲಟೋನಿನ್ ಮಾತ್ರೆ ಕೇಳಿ. ಅಶ್ವಗಂಧ, ವಲೇರಿಯನ್, ಥಿಯಾನಿನ್, ಬಿ6 ಎಲ್ಲ ಬೆರೆಸಿದ ಮಿಶ್ರಣದಲ್ಲಿ ತೊಂದರೆಯಾದರೆ ಯಾವುದರಿಂದ ಅಂತ ಕಂಡುಹಿಡಿಯುವುದು ಹೇಗೆ?

ಗಮ್ಮಿಯ ಇನ್ನೊಂದು ಅಪಾಯ ಮನೆಯ ಮಕ್ಕಳಿಗೆ. ನೋಡಲು ಪೆಪ್ಪರಮಿಂಟಿನ ಹಾಗೆ, ರುಚಿಯೂ ಹಾಗೇ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಬಂದ, ಮಕ್ಕಳು ಮೆಲಟೋನಿನ್ ನುಂಗಿದ ಕರೆಗಳು 2012ರಲ್ಲಿ 8,337 ಇದ್ದದ್ದು 2021ರಲ್ಲಿ 52,563ಕ್ಕೆ ಏರಿದವು. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ, ಕೆಲವರಿಗೆ ವಾಂತಿ, ಅತಿ ಮಂಪರು. ಎಬ್ಬಿಸಿದರೆ ಏಳದಿದ್ದರೆ, ಉಸಿರಾಟ ನಿಧಾನವಾಗಿದ್ದರೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಮಗು ರಾತ್ರಿ ಮಲಗುವುದಿಲ್ಲ ಅಂತ ಮೆಲಟೋನಿನ್ ಕೊಡುವ ಅಭ್ಯಾಸ ಸಾಮಾನ್ಯ ಮಕ್ಕಳಿಗೆ ಬೇಡ. ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳಿಗೆ ಇದರಿಂದ ಅನುಕೂಲ ಉಂಟು, ಆದರೆ ಎಷ್ಟು, ಯಾವಾಗ ಅನ್ನುವುದನ್ನು ಮಕ್ಕಳ ಡಾಕ್ಟರೇ ಹೇಳಬೇಕು.

ವಿಮಾನ, ನೈಟ್ ಶಿಫ್ಟ್

ಐದು ಅಥವಾ ಹೆಚ್ಚು ಕಾಲವಲಯ ದಾಟುವವರಿಗೆ, ಅದರಲ್ಲೂ ಪೂರ್ವಕ್ಕೆ ಹಾರುವವರಿಗೆ, ಮೆಲಟೋನಿನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲಂಡನ್ನಿನಿಂದ ಚಳಿಗಾಲದಲ್ಲಿ ಬೆಂಗಳೂರಿಗೆ ಬಂದರೆ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ 11 ಆದಾಗ ಮೈಗೆ ಇನ್ನೂ ಸಂಜೆ ಐದೂವರೆ. ಬಂದ ದಿನದಿಂದ ನಾಲ್ಕು ರಾತ್ರಿ ಇಲ್ಲಿಯ 10ಕ್ಕೆ 0.5ರಿಂದ 3 ಮಿಲಿಗ್ರಾಂ ಸಾಕು. ತಿರುಗಿ ಲಂಡನ್ನಿಗೆ ಹೋದಾಗ ಅಲ್ಲಿ ಸಂಜೆಯೇ ತೂಕಡಿಕೆ, ಬೆಳಗಿನ ಜಾವವೇ ಎಚ್ಚರ. ಆಗ ಮಾತ್ರೆಗಿಂತ ಸಂಜೆ ಹೊರಗೆ ಬೆಳಕಿನಲ್ಲಿ ಓಡಾಡಿ ಹತ್ತರವರೆಗೆ ಎಚ್ಚರವಿರುವುದು ಮೇಲು. ದುಬೈಗೆ ಹೋಗುವವರಿಗೆ ಒಂದೂವರೆ ಗಂಟೆ ವ್ಯತ್ಯಾಸ, ಏನೂ ಬೇಡ. ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಹಗಲು ರಾತ್ರಿಯೇ ಅದಲುಬದಲು. ಗಡಿಯಾರ ಯಾವ ದಿಕ್ಕಿಗೆ ಸರಿಯುತ್ತದೆ ಎಂದು ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳದೆ, ಇಳಿದ ಊರಿನ ರಾತ್ರಿ 10–11ಕ್ಕೆ ಐದು ದಿನ ತೆಗೆದುಕೊಳ್ಳಿ. ವಿಮಾನದೊಳಗೆ ಸಿಕ್ಕ ಹೊತ್ತಿಗೆ ನುಂಗಬೇಡಿ.

ರಾತ್ರಿ ಪಾಳಿಯ ನರ್ಸ್‌ಗಳು, ಐಟಿ, ಕಾಲ್ ಸೆಂಟರಿನವರಿಗೆ ಫಲ ಅಷ್ಟಕ್ಕಷ್ಟೇ. ಹಗಲು ಮಲಗುವ ಮೊದಲು 1ರಿಂದ 3 ಮಿಲಿಗ್ರಾಂ ನಿದ್ದೆಯನ್ನು ತುಸು ಎಳೆಯಬಹುದು, ಪಾಳಿಯಲ್ಲಿ ಎಚ್ಚರವಿರುವುದಕ್ಕೆ ಏನೂ ಸಹಾಯವಿಲ್ಲ. ಮನೆ ಮುಟ್ಟಿದ ಮೇಲೆಯೇ ತೆಗೆದುಕೊಳ್ಳಿ, ಕ್ಯಾಬಿನಲ್ಲಿ ಬಂದರೂ ಸರಿ. ಬರುವ ದಾರಿಯಲ್ಲಿ ಕಪ್ಪು ಕನ್ನಡಕ, ಕೋಣೆಗೆ ಬೆಳಕು ಬಿಡದ ದಪ್ಪ ಪರದೆ, ಇವಿಲ್ಲದೆ ಮಾತ್ರೆಯೊಂದನ್ನೇ ನಂಬಿದರೆ ದುಡ್ಡು ದಂಡ.

ಎಷ್ಟು ದಿನ?

ವಿಮಾನದ ಲೆಕ್ಕ ನಾಲ್ಕೈದು ರಾತ್ರಿ. ಗಡಿಯಾರ ಜರುಗಿಸುವುದಕ್ಕೆ ನಾಲ್ಕರಿಂದ ಎಂಟು ವಾರ, ಆಮೇಲೆ ಬಿಟ್ಟು ನೋಡಬೇಕು. ಚಟ ಹಿಡಿಸುವ ಮದ್ದಲ್ಲ, ಬಿಡುವಾಗ ಇಳಿಸುತ್ತ ಬರಬೇಕೆಂದೂ ಇಲ್ಲ. ವರ್ಷಗಟ್ಟಲೆ ತೆಗೆದುಕೊಳ್ಳುವುದರ ಬಗ್ಗೆ ಮಾತ್ರ ಗಟ್ಟಿ ಪ್ರಯೋಗಗಳು ಕಡಿಮೆ. 2025ರ ನವೆಂಬರಿನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಮ್ಮೇಳನದಲ್ಲಿ ಮಂಡಿಸಿದ ಒಂದು ವಿಶ್ಲೇಷಣೆ ವಾಟ್ಸ್ಯಾಪಿನಲ್ಲಿ ಬಹಳ ಓಡಾಡಿತು. ನಿದ್ರಾಹೀನತೆ ಇದ್ದು ಒಂದು ವರ್ಷಕ್ಕೂ ಹೆಚ್ಚು ಮೆಲಟೋನಿನ್ ಬಳಸಿದವರಲ್ಲಿ ಐದು ವರ್ಷದಲ್ಲಿ ಹೃದಯ ವೈಫಲ್ಯ ಶೇ 4.6, ಬಳಸದವರಲ್ಲಿ ಶೇ 2.7. ಮಾತ್ರೆಯಿಂದಲೇ ಹೀಗಾಯಿತು ಎಂದು ಇದು ಸಾಬೀತು ಮಾಡುವುದಿಲ್ಲ. ಆಸ್ಪತ್ರೆ ದಾಖಲೆ ನೋಡಿ ಮಾಡಿದ ಲೆಕ್ಕ, ಅಂಗಡಿಯಲ್ಲಿ ತಾವೇ ಕೊಂಡವರು "ಬಳಸದವರ" ಗುಂಪಿನಲ್ಲಿ ಸೇರಿರಬಹುದು. ವರ್ಷಗಟ್ಟಲೆ ನಿದ್ದೆಯಿಲ್ಲದಿರುವುದೇ ಹೃದಯಕ್ಕೆ ಕೇಡು ಅನ್ನುವುದೂ ಇದೆ. ಹೆದರಿ ಓಡುವುದು ಬೇಡ, ಆದರೆ ತಿಂಗಳ ದಿನಸಿ ಪಟ್ಟಿಯಲ್ಲಿ ಮೆಲಟೋನಿನ್ ಕಾಯಂ ಆಗುವುದೂ ಬೇಡ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಚಿಂತೆ ಇದ್ದವನಿಗೆ ಮೆಲಟೋನಿನ್ ಆ ಚಿಂತೆ ಕಳೆಯುವುದಿಲ್ಲ. ಮೂರು ತಿಂಗಳಿಂದ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತಿದ್ದರೆ ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಅಭ್ಯಾಸಗಳನ್ನೂ ಯೋಚನೆಗಳನ್ನೂ ತಿದ್ದುವ, ಸಿಬಿಟಿ-ಐ ಎಂಬ ಮಾತಿನ ಚಿಕಿತ್ಸೆ. ಮನಸ್ಸು ಕುಗ್ಗಿ ಬೆಳಗಿನ ಜಾವವೇ ಎಚ್ಚರವಾಗುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಎದ್ದು ಕೂರುವುದು, ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಬೇಕು. ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಒದೆಯುತ್ತಲೇ ಇರಬೇಕೆನಿಸಿದರೆ ರಕ್ತದಲ್ಲಿ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು, ನೋಡಿಸಬೇಕು. ಡಾಕ್ಟರ ಬಳಿ ಹೋಗುವ ಮುಂಚೆ ಎರಡು ವಾರ ಒಂದು ಹಾಳೆಯಲ್ಲಿ ಬರೆಯಿರಿ: ಊಟ ಎಷ್ಟಕ್ಕೆ, ದೀಪ ಆರಿಸಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಮಾತ್ರೆ ನುಂಗಿದ್ದರೆ ಎಷ್ಟು, ಯಾವಾಗ. ಜೊತೆಗೆ ಖಾಲಿಯಾದ ಸ್ಟ್ರಿಪ್ಪನ್ನೂ ಬಿಸಾಡದೆ ತೆಗೆದುಕೊಂಡು ಹೋಗಿ.